ವೈನ್ ಗೊತ್ತಿಲ್ಲದವನು

ಹತ್ತೊಂಬತ್ತು ವರ್ಷ ಇವನು ಬೆವರು ಸುರಿಸಿ ಕಟ್ಟಿದ ಹೋಟೆಲಿನ ಅಡುಗೆಮನೆಯನ್ನು ಅಣ್ಣ ಒಂದೇ ಮಾತಿನಲ್ಲಿ ತನ್ನ ಅಳಿಯನ ಕೈಗೆ ಕೊಟ್ಟ. ಹೊಸ ವರ್ಷದಿಂದ ಯಜಮಾನಿಕೆ ಅಳಿಯನದು, ಇವನಿಗೆ ಬರೀ ಒಲೆ. ಅದನ್ನು ಹೇಳಿದ್ದೂ ಇಡೀ ಹೋಟೆಲಿನ ಎದುರು, ನಗುತ್ತಾ: "ನನ್ನ ತಮ್ಮ ಮೀನು ಚೆನ್ನಾಗಿ ಹುರೀತಾನೆ. ಆದ್ರೆ ಅವನಿಗೆ ವೈನೂ ಒಂದೇ, ವಿನೆಗರೂ ಒಂದೇ."

ಎಲ್ಲರ ಜೊತೆ ಅವನೂ ಹಲ್ಲು ಕಿರಿದ. ಮರುದಿನ ಈರುಳ್ಳಿ ಹೆಚ್ಚುವಾಗ ಹೊಳೆಯಿತು: ಆ ಗೇಲಿಯೇ ತನಗೆ ಗುರಾಣಿ. ಅಣ್ಣ ವೈನಿನಿಂದ ಸತ್ತರೆ ಅನುಮಾನ ವೈನ್ ಬಲ್ಲವನ ಮೇಲೆ ತಾನೇ? ಅಣ್ಣನನ್ನು ಬಿಟ್ಟರೆ ಇಲ್ಲಿ ಅದನ್ನು ಬಲ್ಲವನು ಅಳಿಯನೊಬ್ಬನೇ.

ನಾಲ್ಕು ತಿಂಗಳು, ಪ್ರತಿ ವಾರದ ರಜೆಯಲ್ಲಿ, ಬಸ್ಸು ಹತ್ತಿ ದೂರದ ಊರಿನ ವೈನ್ ತರಗತಿಗೆ ಬೇರೆ ಹೆಸರಿನಲ್ಲಿ ಹೋದ. ಶ್ರದ್ಧೆಯಿಂದ ಕಲಿತ. ಚುರುಕಾದ ಬಿಳಿ ವೈನ್ ಚೆನ್ನಾಗಿ ತಣ್ಣಗಿರಬೇಕು, ಹುಳಿ ಸೇಬು ಕಚ್ಚಿದಂತೆ ಹಲ್ಲು ಜುಮ್ಮೆನ್ನಬೇಕು, ಕೊನೆಗೆ ನಿಂಬೆ ಸಿಪ್ಪೆಯ ಸಣ್ಣ ಕಹಿ ಉಳಿಯಬೇಕು. ವಿಷದ ಕಹಿ ಆ ಕಹಿಯೊಳಗೆ ಅಡಗಿ ಕೂರುತ್ತದೆ. ಕಲಿಯುತ್ತಾ ಅವನಿಗೆ ಆ ವೈನಿನ ಮೇಲೆ ಪ್ರೀತಿಯೇ ಹುಟ್ಟಿತು, ಅದೊಂದು ಸೋಜಿಗ.

ಬರೀ ವೈನಿನ ರುಚಿ ನೋಡುವಾಗ ಅಣ್ಣ, ಬಲ್ಲವರ ರೂಢಿಯಂತೆ, ಬಾಯಿ ಮುಕ್ಕಳಿಸಿ ಉಗಿದುಬಿಡುತ್ತಿದ್ದ. ಯಾವ ಊಟಕ್ಕೆ ಯಾವ ವೈನ್ ಜೋಡಿಯೆಂದು ನೋಡುವಾಗ ಮಾತ್ರ ನುಂಗುತ್ತಿದ್ದ. ಹಾಗಾಗಿ ತಟ್ಟೆಯೂ ಮುಖ್ಯ. ಖಾರ ಬೇಡ, ಸಿಹಿ ಬೇಡ. ಉಪ್ಪುಪ್ಪಾದ ಆಡಿನ ಹಾಲಿನ ಚೀಸು, ನಿಂಬೆ ಹಿಂಡಿದ ಮೀನು. ಎರಡೂ ಇನ್ನೊಂದು ಗುಟುಕು ಕೇಳುತ್ತವೆ. ತೆರೆದ ಮುಚ್ಚಳವನ್ನು ಹೊಸದರಂತೆ ಕೂರಿಸಲು ಹದಿನೇಳು ಬಾಟಲಿ ಹಾಳುಮಾಡಿದ. ಹದಿನೆಂಟನೆಯದನ್ನು, ಕೈಗವಸು ಹಾಕಿಕೊಂಡು ವಿಷ ಬೆರೆಸಿ, ಅಣ್ಣ ರುಚಿ ನೋಡಲೆಂದು ವೈನ್ ಕಂಪನಿಯಿಂದ ಸ್ಯಾಂಪಲ್ ಬಂದ ಪೆಟ್ಟಿಗೆಯಲ್ಲಿಟ್ಟ.

ಮಂಗಳವಾರ ಮಧ್ಯಾಹ್ನ ಅಣ್ಣ ಮೀನು ತಿಂದ, ವೈನ್ ಕುಡಿದ, ಮತ್ತೆ ಬಗ್ಗಿಸಿಕೊಂಡ. "ಹೇಳಿ ಮಾಡಿಸಿದ ಜೋಡಿ ಕಣೋ," ಅಂದ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲ ಮೆಚ್ಚುಗೆ. ಆದರೆ ಆಗಲೇ ಹೊತ್ತು ಮೀರಿತ್ತು.

ಅಣ್ಣ ಸತ್ತ ಮೂರನೆಯ ದಿನ ಇನ್‌ಸ್ಪೆಕ್ಟರ್ ಮೇಡಂ ಅವನನ್ನೂ ಅಳಿಯನನ್ನೂ ಹೋಟೆಲಿನ ಊಟದ ಕೋಣೆಯಲ್ಲಿ ಎದುರುಬದುರು ಕೂರಿಸಿದರು. ವಿಷದ ಕಹಿ ಮುಚ್ಚುವ ಇಂಥ ವೈನನ್ನೇ ಆರಿಸಬೇಕಾದರೆ ಅದರ ಒಳಹೊರಗು ಗೊತ್ತಿರಬೇಕು ಎಂದರು. ಅಳಿಯನ ಮುಖ ಬಿಳಿಚಿಕೊಂಡಿತು.

"ನಂಗೆ ಅದರ ಗಂಧಗಾಳಿ ಗೊತ್ತಿಲ್ಲ ಮೇಡಂ," ಅಂದ ಇವನು.

"ಹೌದು ಮೇಡಂ," ಎಂದ ಅಳಿಯ, ಮುಗ್ಧವಾಗಿ. "ಚಿಕ್ಕಮಾವನಿಗೆ ಅದೆಲ್ಲ ತಿಳಿಯಲ್ಲ."

ಮೇಡಂ ಪುಸ್ತಕ ಮುಚ್ಚಿ ಎಲ್ಲರಿಗೂ ನೀರು ತರಿಸಿದರು. ನೀರು ಹೋಟೆಲಿನ ಉದ್ದ ಕಾಲಿನ ವೈನ್ ಲೋಟಗಳಲ್ಲಿ ಬಂತು. ಗೆದ್ದೆನೆಂದು ಅವನಿಗೆ ನಿರಾಳವಾಗಿತ್ತು. ಲೋಟ ಎತ್ತಿಕೊಂಡ. ಮೇಡಂ ತನ್ನನ್ನೇ ನೋಡುತ್ತಿದ್ದಾರೆ, ಆಮೇಲೆ ಅಳಿಯನನ್ನು, ಮತ್ತೆ ತನ್ನನ್ನು. ಅವನೂ ಎದುರಿಗೆ ನೋಡಿದ. ಅಳಿಯ ಎರಡು ಬೆರಳಲ್ಲಿ ಲೋಟದ ಕಾಲು ಹಿಡಿದು, ಬರೀ ನೀರನ್ನು ಮೆಲ್ಲಗೆ ಸುತ್ತಿಸಿ, ಮೂಗಿನ ಹತ್ತಿರ ತಂದಿದ್ದ, ವೈನ್ ಬಲ್ಲವರನ್ನು ಬಿಡದ ಚಾಳಿ. ಆಗ ತನ್ನ ಕೈ ನೋಡಿಕೊಂಡ. ಅಲ್ಲೂ ಎರಡೇ ಬೆರಳು. ನೀರು ಇನ್ನೂ ಸುತ್ತುತ್ತಿತ್ತು, ಮೂಗು ಲೋಟದೊಳಗಿತ್ತು. ಮೇಡಂ ಪುಸ್ತಕ ಮತ್ತೆ ತೆರೆದು, "ನೀವು ಎಲ್ಲಿ ಕಲಿತಿರಿ?" ಎಂದು ಕೇಳಿದರು.