ನಡೆದು ದಾಟುವ ಬ್ರಿಜ್ಜು

“ಲೇ ಮಲ್ಲಿಕಾ, ಇದೇನಿದು? ಯಾರನ್ನ ಕೇಳಿ ಹಚ್ಚಿದಿ?”

ಸುಭಾಸ ಬಗ್ಗಿ ನೋಡುತ್ತಿದ್ದ. ಕ್ಲಾಸಿನ ಟೇಬಲ್ ಮೇಲೆ, ಥರ್ಮಾಕೋಲ್ ಶೀಟಿನಲ್ಲಿ ಅವರ ಊರೇ ಎದ್ದು ನಿಂತಿತ್ತು. ನಾಳೆ ಶಾಲೆಯಲ್ಲಿ ಪ್ರದರ್ಶನ. ಸುಭಾಸನ ಸೆಲ್ ಹಾಕಿದ ರೈಲು ಊರನ್ನು ಸುತ್ತಿ ಹಳ್ಳ ದಾಟಬೇಕು.

ಹಳ್ಳದ ಮೇಲಿನ ರೈಲಿನ ಬ್ರಿಜ್ಜು ಮಲ್ಲಿಕಾ ಮಾಡಿದ್ದು. ಜೋಳದ ದಂಟಿನ ಗಾಡಿ ಮಾಡಿ ಪಳಗಿದ ಕೈ ಅವಳದು. ದಂಟಿನೊಳಗಿನ ಬೆಂಡು ಕತ್ತರಿಸಿ ಕಂಬ ನಿಲ್ಲಿಸಿ, ಸಿಬಿರು ಚುಚ್ಚಿ ಬಿಗಿ ಮಾಡಿದ್ದಳು. ಡಬ್ಬಿಗಳನ್ನು ಎಳೆದುಕೊಂಡು ರೈಲು ಓಡಿದರೂ ಅದು ಅಲುಗಾಡಲಿಲ್ಲ.

ಸುಭಾಸ ತೋರಿಸುತ್ತಿದ್ದದ್ದು ಅದನ್ನಲ್ಲ. ಅದರ ಬಾಜು ಇನ್ನೊಂದು ಸಣ್ಣ ಬ್ರಿಜ್ಜಿತ್ತು, ಐಸ್‌ಕ್ಯಾಂಡಿ ಕಡ್ಡಿಗಳದ್ದು. ಹಳ್ಳದ ಆಚೆ ಮಲ್ಲಿಕಾಳ ಓಣಿ, ಈಚೆ ಶಾಲೆ. ನಡುವೆ ಅದು.

“ನಡಕೊಂಡ್ ಬರಾಕ,” ಎಂದಳು ಮಲ್ಲಿಕಾ.

“ಅಲ್ಲಿ ಬ್ರಿಜ್ ಎಲ್ಲೈತಿ? ನೀವು ನೀರಾಗ ಇಳದ ಬರ್ತೀರಲ್ಲ! ಸರ್, ನೋಡ್ರಿ, ಮಲ್ಲಿಕಾ ಸುಳ್ಳ ಸುಳ್ಳ ಮಾಡ್ಯಾಳ!”

ಕಾಶಿನಾಥ ಸರ್ ಬಂದು ನೋಡಿದರು.

“ಚಂದ ಆಗೇತಿ. ಆದ್ರ ಇಲ್ಲದ್ದು ಬ್ಯಾಡವಾ. ‘ನಮ್ಮ ಊರು’ ಅಂತ ಬೋರ್ಡ್ ಹಾಕೀವಿ. ಇದ್ದದ್ದ ಇದ್ದಂಗ ತೋರಿಸೂಣು. ತಗದಬಿಡು.”

ಮಲ್ಲಿಕಾ ರೈಲಿನ ದಾರಿಯ ಗುಡ್ಡಕ್ಕೆ ಬೆರಳು ಮಾಡಿದಳು. “ಮತ್ತ ಈ ಗುಡ್ಡ ನಮ್ಮೂರಾಗ ಎಲ್ಲೈತ್ರಿ ಸರ್?”

ಊರ ಸುತ್ತ ಎತ್ತ ನೋಡಿದರೂ ಚಪ್ಪಟೆ ಎರೆಹೊಲ. ಆದರೂ ಸುಭಾಸ ದೊಡ್ಡ ಗುಡ್ಡ ಮಾಡಿದ್ದ. ಅದರೊಳಗೆ ಸುರಂಗ ಕೊರೆದು, ತುದಿಗೆ ಅರಳೆ ಅಂಟಿಸಿ ಹಿಮ ಬೀಳಿಸಿದ್ದ.

“ಗುಡ್ಡ ಇಲ್ಲಂದ್ರ ಮಜಾ ಏನ ಬರತೈತಿ?” ಎಂದ ಸುಭಾಸ.

ಸರ್ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಗುಡ್ಡ ನೋಡಿ ಯಾರೂ ಸಿಟ್ಟಾಗೂದಿಲ್ಲವಾ. ನಾಳೆ ಪಂಚಾಯ್ತಿಯವರು ಬರ್ತಾರ. ಈ ಬ್ರಿಜ್ ನೋಡಿದ್ರ, ಕಟ್ಟಿಸಿಲ್ಲಂತ ನಮ್ಮನ್ನ ಚುಚ್ಚಾಕ ಮಾಡ್ಯಾರ ಅಂತಾರ.”

ಫೆವಿಕಾಲ್ ಒಣಗಿ ಗಟ್ಟಿಯಾಗಿತ್ತು. ಮಲ್ಲಿಕಾ ಎಳೆದಾಗ ಕಡ್ಡಿಗಳು ಮುರಿದವು. ದಂಡೆಯ ಥರ್ಮಾಕೋಲೂ ಕಿತ್ತು ಬಂತು. ಸುಭಾಸ ಆ ಕಿತ್ತ ಜಾಗದ ಮೇಲೆ ಹಸಿರು ಬಣ್ಣದ ಕಟ್ಟಿಗೆ ಹೊಟ್ಟು ಉದುರಿಸಿದ. “ಈಗ ಗೊತ್ತ ಆಗೂದಿಲ್ಲ ನೋಡು.”

ಮರುದಿನ ಟೇಬಲ್ ಸುತ್ತ ಮಂದಿಯೋ ಮಂದಿ. ರೈಲು ಸೀಟಿ ಹಾಕಿದಾಗೆಲ್ಲ ಚಪ್ಪಾಳೆ. ಪಂಚಾಯ್ತಿಯವರು ಗುಡ್ಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಮಧ್ಯಾಹ್ನ ಮಲ್ಲಿಕಾಳ ಅವ್ವ ಹನಮವ್ವ ಬಂದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ.

“ಅಯ್ಯ, ನಮ್ಮ ಓಣಿ! ಇದು ನಮ್ಮನಿ ಹೌದಿಲ್ಲಬೇ? ಹಳ್ಳನೂ ಹಂಗ ಐತಿ! ಅಗದಿ ಇದ್ದಂಗ ಮಾಡೀರಿ ಬಿಡವಾ!”

ಅವ್ವ ಹಳ್ಳದ ದಂಡೆಯನ್ನು ಉದ್ದಕ್ಕೂ ನೋಡಿದಳು. ಹೊಟ್ಟು ಉದುರಿಸಿದ ಜಾಗದ ಮೇಲೂ ಅವಳ ಕಣ್ಣು ಹಾದು ಹೋಯಿತು. ಅಲ್ಲಿ ನಿಲ್ಲಲಿಲ್ಲ.

ಹೇಳಬೇಕೆಂದು ಮಲ್ಲಿಕಾ ಬಾಯಿ ತೆರೆದಳು. ಅವ್ವ ಇನ್ನೂ ನಗುತ್ತಿದ್ದಳು. ಲಗ್ನವಾಗಿ ಬಂದಾಗಿನಿಂದ ಅವ್ವ ಆ ನೀರಿನಲ್ಲಿ ಇಳಿದೇ ದಾಟಿದವಳು. ಅಲ್ಲೊಂದು ಬ್ರಿಜ್ಜು ಇರಬಹುದಿತ್ತು ಅಂತ ಅವಳು ಹುಡುಕಲೂ ಇಲ್ಲ.

“ಇದರಾಗ ನೀ ಮಾಡಿದ್ದು ಯಾವ್ದಬೇ?”

“ಅದು. ರೈಲ್ ಹೋಗೂದು.”

“ಭಾಳ ಗಟ್ಟಿ ಆಗೇತಿ,” ಅವ್ವ ಅವಳ ತಲೆ ಸವರಿದಳು. “ನಾ ಹೊಂಟೆ. ಹಳ್ಳಕ್ಕ ನೀರ ಏರಾಕತ್ತೈತಿ.”