ಯಾರ ಹಲ್ಲು?

"ಬಾಯಿ ತೆಗಿ ಪುಟ್ಟಾ," ಎಂದು ವಕೀಲ ಕದಿರೇಶ್ ಮೊಬೈಲ್ ಹಿಡಿದು ನಿಂತರು.

ಶಿರೀಷಾ ಬಾಯಿ ಬಿಗಿದುಕೊಂಡಳು. ಕೋಲಾರದ ಕೋರ್ಟಿನ ಮುಂದೆ ಜನವೋ ಜನ.

ಅವಳ ಹಲ್ಲಿನ ತುಂಬ ಕಂದು ಕಲೆ. ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಕಲೆ ಬಂದದ್ದು ಅದರಿಂದಲೇ. ನೀರು ಶುದ್ಧ ಮಾಡುವ ಪ್ಲಾಂಟ್ ನಡೆಸಲು ಒಬ್ಬ ಕಂಟ್ರಾಕ್ಟರ್ ಒಪ್ಪಿಕೊಂಡಿದ್ದ. ಟೇಪ್ ಕತ್ತರಿಸಿದರು, ಲಡ್ಡು ಹಂಚಿದರು, ಬೀಗ ಹಾಕಿದರು. ಆ ಬೀಗ ಮತ್ತೆ ತೆಗೆಯಲಿಲ್ಲ. ಅಜ್ಜಿ ವೆಂಕಟರತ್ನಮ್ಮ ಅವನ ಮೇಲೆ ಕೇಸು ಹಾಕಿದರು. ಕೇಸಿಗೂ ಶಿರೀಷಾಗೂ ಈಗ ಹೆಚ್ಚುಕಡಿಮೆ ಒಂದೇ ವಯಸ್ಸು.

"ಕ್ಲಾಸಲ್ಲಿ ಎಲ್ಲಾ ನಗ್ತಾರೆ. ಫೋಟೋದಲ್ಲಿ ಮುಖ ಬರಬಾರ್ದು," ಎಂದಳು.

"ಆಯ್ತು, ಬರೀ ಹಲ್ಲು," ಎಂದರು ಕದಿರೇಶ್. ಪಕ್ಕದ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದರು.

ಒಳಗೆ ಕಂಟ್ರಾಕ್ಟರ್ ಕಡೆಯ ವಕೀಲರು ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾರ ಹಲ್ಲು ಸ್ವಾಮಿ? ಮುಖಾನೇ ಇಲ್ಲ. ಎಲೆಅಡಿಕೆ ಹಾಕೋ ಮುದುಕನದ್ದೂ ಇರಬಹುದು. ನಮ್ಮ ಪ್ಲಾಂಟ್ ದಿನಾ ನಡೀತಿದೆ."

ನ್ಯಾಯಾಧೀಶರು ಫೋಟೋ ಪಕ್ಕಕ್ಕಿಟ್ಟರು. ಕದಿರೇಶ್ ತಲೆ ಕೆರೆದುಕೊಂಡರು. ಅಜ್ಜಿ ಶಿರೀಷಾ ಕಡೆ ತಿರುಗಿಯೂ ನೋಡಲಿಲ್ಲ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶಿರೀಷಾ ಎದ್ದು ನಿಂತಳು.

"ಸರ್, ಅದು ನಂದು," ಎಂದು ಬಾಯಿ ಅಗಲವಾಗಿ ತೆರೆದಳು.

ಇಡೀ ಹಾಲ್ ಅವಳ ಬಾಯೊಳಗೆ ನೋಡಿತು. ಟೈಪ್ ಮಾಡುತ್ತಿದ್ದವರೂ ಕತ್ತೆತ್ತಿದರು.

"ಎಲೆಅಡಿಕೆ ಹಾಕ್ತೀಯಾ?" ನ್ಯಾಯಾಧೀಶರು ಕೇಳಿದರು.

"ಇಲ್ಲ ಸರ್. ಆರನೇ ಕ್ಲಾಸು."

"ಮನೇಲಿ ಇನ್ನೂ ಚಿಕ್ಕವರಿದ್ದಾರಾ?"

"ತಮ್ಮ ಇದಾನೆ, ರಾಮು. ಈಗ ತಾನೆ ನಡೆಯೋಕೆ ಕಲ್ತಿದ್ದಾನೆ. ಅವನೂ ಅದೇ ನೀರು ಕುಡೀತಾನೆ."

ಯಾರೂ ನಗಲಿಲ್ಲ. ಕೋರ್ಟಿನಿಂದ ಒಬ್ಬರು ಹೋಗಿ ಬೀಗ ತೆಗೆಸಿ ನೋಡಬೇಕು, ಅಲ್ಲಿಯವರೆಗೆ ಕಂಟ್ರಾಕ್ಟರ್ ಊರಿಗೆ ಟ್ಯಾಂಕರಿನಲ್ಲಿ ಒಳ್ಳೆಯ ನೀರು ಕಳಿಸಬೇಕು ಎಂದು ನ್ಯಾಯಾಧೀಶರು ಹೇಳಿದರು. ಮುಂದಿನ ತಿಂಗಳಿಗೆ ಡೇಟ್ ಕೊಟ್ಟರು.

ಬಸ್ಸಿನಲ್ಲಿ ಶಿರೀಷಾ ಕೇಳಿದಳು, "ಅಜ್ಜೀ, ಕೇಸ್ ಗೆದ್ವಾ?"

"ಇಲ್ಲ ಕಣೇ. ನೀರು ಬರ್ತದೆ, ಅಷ್ಟೆ."

"ಮುಂದಿನ ಡೇಟ್‌ಗೆ ನೀನೊಬ್ಬಳೇ ಬರ್ತೀಯಾ?"

"ಇಷ್ಟು ವರ್ಷ ಇನ್ಯಾರು ಬಂದಿದ್ರು?"

ಅಷ್ಟು ಜನ ನೋಡುತ್ತಿದ್ದಾಗ ತಾನು ಬಾಯಿ ತೆರೆದು ನಿಂತಿದ್ದು ಶಿರೀಷಾಗೆ ನೆನಪಾಯಿತು. ಅಜ್ಜಿ ಪ್ರತಿ ಸಲವೂ ಒಬ್ಬರೇ ಹಾಗೆ ಎದ್ದು ನಿಂತಿರಬೇಕು. ಅವಳು ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು.

"ನಾನೂ ಬರ್ತೀನಿ."

"ಅವತ್ತು ಸ್ಕೂಲ್ ಇರ್ತದೆ."

"ಇವತ್ತೂ ಇತ್ತು," ಎಂದಳು ಶಿರೀಷಾ.