ಲಕೋಟೆಯೊಳಗಿನ ಮೇಣ

“ಈ ಮೇಣದ ಅಚ್ಚನ್ನ ಈ ಹೊಸ್ತಿಲ ಮ್ಯಾಲೇ ಒಡೀಬೇಕ್ರಿ ಸಾಹೇಬ್ರ. ಒಡದು, ಚೂರು ಒಯ್ದು ಗೋದಾವರಿಗೆ ಬಿಡತೀನಿ. ಅಲ್ಲೀತನಾ ನನ್ನ ಕೆಲಸ ಮುಗದಂಗಲ್ಲ,” ಎಂದ ಬೀಗ ರಿಪೇರಿಯ ವೈಜನಾಥ.

ಪ್ರಭಾಕರ ನಕ್ಕ. ಬ್ಯಾಂಕಿನ ಕೌಂಟರಿನಲ್ಲಿ ಸಹಿ ತಾಳೆಯಾಗದ ಚೆಕ್ಕನ್ನು ವಾಪಸು ತಳ್ಳುವಾಗ ಅವನ ಮುಖದಲ್ಲಿ ಬರುತ್ತಿದ್ದ ನಗೆಯೇ ಅದು. “ಚೂರು ನೀ ಒಯ್ಯತಿ. ಮನ್ಯಾಗ ಕೂತು ಜೋಡಸತಿ. ನಮ್ಮ ಬಾಗಲಾ ತಗಿಯೂ ಕೀಲಿಕೈ ತಯಾರಾತು. ನಾ ಏನು ಕೂಸು ಅಂತ ತಿಳದೀ?”

ಧಾರವಾಡದಿಂದ ಬಡ್ತಿಯ ಮೇಲೆ ನಾಸಿಕಕ್ಕೆ ವರ್ಗವಾಗಿ ಬಂದು ಅವನಿಗೆ ಇನ್ನೂ ಮೂರು ವಾರ. ಪಂಚವಟಿಯ ಹಳೆಯ ವಾಡೆಯೊಂದರ ಮೊದಲ ಮಹಡಿ ಬಾಡಿಗೆಗೆ ಸಿಕ್ಕಿತ್ತು. ಕುಂಭಮೇಳಕ್ಕೆಂದು ಅಗೆದಿಟ್ಟ ರಸ್ತೆಯ ಧೂಳೆಲ್ಲ ಕಿಟಕಿಯಿಂದ ಒಳಗೆ ಬರುತ್ತಿತ್ತಾದರೂ ಮನೆ ದೊಡ್ಡದು, ತೇಗದ ಬಾಗಿಲು, ಬಾಗಿಲಲ್ಲೇ ಕೂರಿಸಿದ ಭಾರೀ ಹಿತ್ತಾಳೆ ಬೀಗ. ತೊಂದರೆ ಎಂದರೆ ಮೂವತ್ತು ವರ್ಷ ಅಲ್ಲಿದ್ದ ಜಯಮಾಲಾ ಎಂಬ ಮುದುಕಿಯದು. ಮಾಲೀಕ ಅವಳನ್ನು ಪೊಲೀಸರ ಕೈಯಲ್ಲಿ ಹೊರಗೆ ಹಾಕಿಸಿದ್ದ. ಸಂಭಾಜಿನಗರದ ಕಡೆ ಹೋದಳಂತೆ. ಹೋಗುವಾಗ ತನ್ನ ಕೀಲಿಕೈ ಮಾತ್ರ ಕೊಡದೆ ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳು.

ಮನೆಯ ಕೀಲಿಕೈ ಇನ್ನೊಬ್ಬರ ಬಳಿ ಇದೆ ಎಂದರೆ ಬ್ಯಾಂಕಿನವನಿಗೆ ನಿದ್ದೆ ಹತ್ತೀತೇ? ತಾನು ಶಾಖೆಯಲ್ಲಿದ್ದಾಗ ಮನೆಯಲ್ಲಿ ಹೆಂಡತಿ ನೀರಜಾ, ಎಂಟು ವರ್ಷದ ಮಗಳು ರುಚಿತಾ ಇಬ್ಬರೇ. ಅದಕ್ಕೇ ಬೀಗದ ಒಳಗಿನ ಪಟ್ಟಿಗಳನ್ನು ಬದಲಿಸಿ ಹೊಸ ಕೀಲಿಕೈ ಮಾಡಿಸಬೇಕೆಂದು ಅವನು ನಂಬಿಕಸ್ಥನೊಬ್ಬನನ್ನು ಹುಡುಕುತ್ತಿದ್ದ. ವಾಡೆಯ ಮೆಟ್ಟಿಲು ಗುಡಿಸುವ ಲಕ್ಷ್ಮವ್ವ ಇಂಡಿ ಕಡೆಯವಳು. ಅವಳ ಗಂಡ ನದಿಯ ಘಾಟಿನ ಕಟ್ಟಡ ಕೆಲಸದಲ್ಲಿದ್ದ. ವೈಜನಾಥನ ಹೆಸರು ಹೇಳಿದವಳು ಅವಳೇ.

“ಹೋಗೂ ದಿನಾ ಆ ಮುದುಕಿ ಬೀಗಕ್ಕ ಬಾಯಿ ಹಚ್ಚಿ ಏನೋ ಊದಿದಳ್ರೀ ಯಕ್ಕಾ. ನಾ ಕಣ್ಣಾರೆ ನೋಡೀನಿ. ಕರಣಿ ಮಾಡ್ಯಾಳ. ವೈಜನಾಥಣ್ಣನ್ನ ಬಿಟ್ಟು ಯಾರನ್ನೂ ಕರೀಬ್ಯಾಡ್ರಿ,” ಎಂದು ಅವಳು ನೀರಜಾಳ ಕಿವಿಯಲ್ಲಿ ಹೇಳಿದ್ದಳು. ಮಾಟಕ್ಕೆ ಈ ಕಡೆ ಕರಣಿ ಎನ್ನುತ್ತಾರೆ.

ವೈಜನಾಥ ಬಂದ. ಆಳು ಗಿಡ್ಡ, ಮೂವತ್ತು ವರ್ಷದಿಂದ ರವಿವಾರ ಕಾರಂಜಾ ಎಂಬ ಪೇಟೆಯ ಫುಟ್‌ಪಾತಿನಲ್ಲಿ ಕೂತವನು, ಹುಟ್ಟೂರು ಆಳಂದ. ಪ್ರಭಾಕರ ಅವನಿಂದ ಆಧಾರ್ ಕಾರ್ಡಿನ ಝೆರಾಕ್ಸ್, ಫೋಟೋ, ಇಬ್ಬರು ಪರಿಚಯದವರ ನಂಬರ್ ಎಲ್ಲ ತೆಗೆದುಕೊಂಡ. ಖಾತೆ ತೆರೆಯಲು ಬಂದವನನ್ನೂ ಅವನು ಅಷ್ಟು ಕಾಡಿರಲಿಲ್ಲ. “ಕಳ್ಳನ್ನ ನಂಬಿದ್ರೂ ಕುಳ್ಳನ್ನ ನಂಬಬಾರದಂತ,” ಎಂದು ಹೆಂಡತಿಗೆ ಕೇಳುವಂತೆ, ಅವನಿಗೂ ಕೇಳುವಂತೆ ಹೇಳಿದ. ವೈಜನಾಥ ಚೀಲದಿಂದ ಹತ್ಯಾರ ಹೊರಗೆ ತೆಗೆದ.

ಬೀಗ ಕಳಚಿ ಮಣೆಯ ಮೇಲಿಟ್ಟು, ಅದರ ಕಂಡಿಯ ಹತ್ತಿರ ಮೂಗು ಒಯ್ದವನು ತಟ್ಟನೆ ಹಿಂದೆ ಸರಿದ. ಆಮೇಲೆ ಸ್ಟೋವಿನ ಮೇಲೆ ಮೇಣ ಕರಗಿಸಿ ಬೀಗದೊಳಗೆ ಸುರಿದು, ತಣಿಯಲು ಬಿಟ್ಟು, ಹಳೆಯ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಎಳೆದ. ಮೇಣದ ಗಡ್ಡೆ ಬೀಗದ ಒಳಗನ್ನೆಲ್ಲ ಅಚ್ಚೊತ್ತಿಕೊಂಡು ಹೊರಬಂತು. ಜೊತೆಗೆ ನಾತವೂ ಬಂತು. ವಾರಗಟ್ಟಲೆ ಮುಚ್ಚಿಟ್ಟ ಕೊಬ್ಬಿನ, ತೊಳೆಯದ ಬಾಯಿಯ ನಾತ. ಮೇಣದಲ್ಲಿ ಸುರುಳಿ ಸುತ್ತಿದ ನರೆಗೂದಲಿತ್ತು. ಹಳದಿಗಟ್ಟಿದ ಕೊಬ್ಬಿತ್ತು. ಅದರ ನಡುವೆ ಒಂದು ಪುಟ್ಟ ಹಾಲುಹಲ್ಲು. ನೀರಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಓಡಿ ವಾಂತಿ ಮಾಡಿದಳು.

“ಬೀಗದಾಗಿಂದು ಎಲ್ಲಾ ಮೇಣದಾಗ ಬಂದೈತಿ. ಇನ್ನ ಇದನ್ನ ಒಡೀಬೇಕು,” ಎಂದ ವೈಜನಾಥ. ಜಗಳ ಹತ್ತಿದ್ದು ಅಲ್ಲಿಯೇ.

ಪ್ರಭಾಕರನ ಕಣ್ಣಿಗೆ ಅದರಲ್ಲಿ ಕಂಡದ್ದು ಎರಡೇ. ಒಂದು, ತನ್ನ ಬೀಗದ ಅಚ್ಚು. ಇನ್ನೊಂದು, ಮುದುಕಿ ಬೀಗ ಕೆಡಿಸಿದ್ದಕ್ಕೆ ಪುರಾವೆ. ಎರಡನ್ನೂ ಪರರ ಕೈಗೆ ಕೊಡುವುದು, ನಾಶ ಮಾಡುವುದು ಅವನ ಜಾಯಮಾನಕ್ಕೆ ಒಗ್ಗದು. ಬ್ಯಾಂಕಿನಲ್ಲಿ ತಿಜೋರಿಯ ಜೋಡಿ ಕೀಲಿಕೈಗಳನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಇಬ್ಬರ ಗುರುತು ಹಾಕಿ ಇಡುತ್ತಾರೆ. ಹಾಗೇ ಇದನ್ನೂ ಇಡುತ್ತೇನೆ ಎಂದು ಬಟ್ಟೆಯ ಅಸ್ತರಿನ ಲಕೋಟೆ ತಂದು ಗಡ್ಡೆಯನ್ನು ಅದರೊಳಗೆ ಹಾಕಿದ. ಗೋಂದಿನ ಅಂಚು ಒದ್ದೆ ಮಾಡಲು ಹನಿ ನೀರು ತರುವಷ್ಟರಲ್ಲಿ ರುಚಿತಾ, “ಅಪ್ಪಾ ನಾ ಮಾಡತೀನಿ,” ಎಂದು ಕೈಚಾಚಿದಳು. ಲಕೋಟೆ ನೆಕ್ಕಿ ಅಂಟಿಸುವುದೆಂದರೆ ಅವಳಿಗೆ ಆಟ.

“ಕೂಸಿನ ಉಗುಳು ಹಚ್ಚಬ್ಯಾಡ್ರೀ!” ಎಂದು ವೈಜನಾಥ ಕೂಗಿಕೊಂಡ.

“ಹಚ್ಚಲಿ ಬಿಡು. ನಾ ಒಬ್ಬ, ಆಕಿ ಒಬ್ಬಾಕಿ. ಇಬ್ಬರ ಕಸ್ಟಡಿ ಆತು,” ಎಂದು ಪ್ರಭಾಕರ ಮತ್ತೆ ನಕ್ಕ. ಮಗಳು ನಾಲಗೆ ಚಾಚಿ ಅಂಚಿನುದ್ದಕ್ಕೂ ನೆಕ್ಕಿ ಅಂಟಿಸಿದಳು. ಅವನು ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿ, ಅರಗು ಒತ್ತಿ ಕಪಾಟಿನಲ್ಲಿಟ್ಟ. ವೈಜನಾಥ ಪಟ್ಟಿ ಬದಲಿಸಿ, ಹೊಸ ಕೀಲಿಕೈಗಳನ್ನು ನೀರಜಾಳ ಕೈಗಿಟ್ಟು, ಮಜೂರಿ ಮುಟ್ಟದೆ ಇಳಿದು ಹೋದ.

ನಾಲ್ಕನೆಯ ದಿನ ಮನೆಯಲ್ಲಿ ನಾತ ಶುರುವಾಯಿತು. ನೀರಜಾ ಮೋರಿಗೆ ಫಿನೈಲ್ ಸುರಿದಳು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಿಸಿಲಿಗಿಟ್ಟಳು. ನಾತ ಮೋರಿಯದಲ್ಲ. ರುಚಿತಾ ಮಾತಾಡಿದಾಗ ಬರುತ್ತಿತ್ತು. ಹಲ್ಲುಜ್ಜಿಸಿದರು, ಉಪ್ಪುನೀರು ಮುಕ್ಕಳಿಸಿದರು. ಊಟಕ್ಕೆ ಕೂತರೆ ಹುಡುಗಿ, “ಅಮ್ಮಾ, ಬಾಯಾಗ ಕೂದಲಾ ಐತಿ,” ಎಂದು ತುತ್ತು ಉಗುಳುತ್ತಿದ್ದಳು. ಒಂದು ದಿನ ಪ್ರಭಾಕರ ಅವಳ ಬಾಯಿಗೆ ಟಾರ್ಚ್ ಹಿಡಿದ. ನಾಲಗೆಯ ಬುಡದಲ್ಲಿ ಕೂದಲೊಂದು ಅಂಟಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದ. ಬಂತು. ಇನ್ನೂ ಬಂತು. ಗೇಣುದ್ದ, ಮೊಳದುದ್ದ, ಜಿಡ್ಡಾದ, ಬೆಚ್ಚಗಿನ ನರೆಗೂದಲು. ರುಚಿತಾಳದು ಕರಿಯ ಬಾಬ್‌ಕಟ್ಟು. ಆ ಕೂದಲನ್ನು ಕೊಡವಿ ಬಿಸಾಡಿದ ಮೇಲೂ ಬೆರಳ ತುದಿಯ ಜಿಡ್ಡು ಸೋಪಿಗೆ ಹೋಗಲಿಲ್ಲ. ಹೆತ್ತ ಮಗಳ ಬಾಯಿಯ ಬಗ್ಗೆ ಅವನಿಗೆ ಹೇಸಿಗೆ ಹುಟ್ಟಿತು. ಹುಟ್ಟಿತಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಡಬ್ಬಿ ತೆರೆದು ಕೂತಿದ್ದವಳ ದವಡೆ ಖಟ್ ಎಂದು ಸದ್ದು ಮಾಡಿ ಕಚ್ಚಿಕೊಂಡಿತ್ತು, ಮತ್ತೆ ಬಿಡಲಿಲ್ಲ. ಧನುರ್ವಾಯು ಇರಬಹುದೆಂದು ಎರಡು ದಿನ ಆಸ್ಪತ್ರೆಯಲ್ಲಿಟ್ಟರು. ಎಲ್ಲ ಪರೀಕ್ಷೆಯೂ ಸರಿಯಾಗಿಯೇ ಬಂತು. ಮೂಗಿನ ನಳಿಕೆಯಲ್ಲಿ ಹಾಲು ಬಿಟ್ಟರೆ ತುಟಿಯಂಚಿನಿಂದ ಹಳದಿ ಮೇಣದಂಥದ್ದು ಒಸರುತ್ತಿತ್ತು. ಒರೆಸಿದರೆ ಮತ್ತೆ ಒಸರುತ್ತಿತ್ತು. ಮೂರನೆಯ ದಿನ ಹಾಲು ಒಳಗೇ ಇಳಿಯದಾಯಿತು. ಉಸಿರು ಮೂಗಿನಲ್ಲಿ ಸೀಟಿ ಹೊಡೆಯತೊಡಗಿತು.

“ನೀವ ಲಕೋಟಿ ಮಾಡಿದ್ರಲ್ಲಾ, ನೀವ ನೋಡ್ರಿ!” ಎಂದು ನೀರಜಾ ಗಂಡನ ಎದೆಗೆ ಗುದ್ದಿದಳು. ಮದುವೆಯಾದ ಮೇಲೆ ಅವಳು ಅವನ ಮೇಲೆ ಕೈಮಾಡಿದ್ದು ಅದೇ ಮೊದಲು.

ಅವನು ಮನೆಗೆ ಬಂದು ಕಪಾಟು ತೆರೆದ. ಸಹಿ ಹಾಗೇ ಇತ್ತು. ಅರಗು ಬಿರಿದಿರಲಿಲ್ಲ. ಆದರೆ ರುಚಿತಾ ನೆಕ್ಕಿದ್ದ ಅಂಚು ಮಾತ್ರ, ಇಷ್ಟು ದಿನವಾದರೂ, ಈಗತಾನೇ ನೆಕ್ಕಿದಂತೆ ಒದ್ದೆಯಾಗಿತ್ತು. ಹರಿದು ನೋಡಿದ. ಮೇಣದಲ್ಲಿ ಒಂದೇ ಇದ್ದ ಹಾಲುಹಲ್ಲು ಸಾಲಾಗಿತ್ತು. ಮೇಲೆ ಕೆಳಗೆ ಎರಡು ಸಾಲು, ಕಚ್ಚಿಕೊಂಡು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅವನು ಲಕ್ಷ್ಮವ್ವನ ಕಾಲು ಹಿಡಿಯುವುದೊಂದು ಬಾಕಿ. ಅವಳು ವೈಜನಾಥನನ್ನು ಕರೆಯಲು ರವಿವಾರ ಕಾರಂಜಾಕ್ಕೆ ಓಡಿದಳು. ನೀರಜಾ ವೈದ್ಯರ ಮಾತು ಕೇಳದೆ ಮಗಳನ್ನು ಎತ್ತಿಕೊಂಡು ಮನೆಗೆ ತಂದಳು. ಮಧ್ಯಾಹ್ನ ನಾಲ್ಕಕ್ಕೆ ವೈಜನಾಥ ಮೆಟ್ಟಿಲು ಹತ್ತಿ ಬಂದ. ವಾಡೆಯ ನಡುಮನೆಗೆ ಕಿಟಕಿಯಿಲ್ಲ. ಕರೆಂಟೂ ಹೋಗಿತ್ತು. ಹಗಲಲ್ಲೇ ಅಲ್ಲಿ ಕಣ್ಣು ಕಟ್ಟುವ ಕತ್ತಲು. ನೀರಜಾ ದೀಪ ಹಚ್ಚಿಟ್ಟಳು.

ವೈಜನಾಥ ಮೇಣದ ಗಡ್ಡೆಗೆ ಉಗುರು ತಾಗಿಸಿ ಒಂದಿಷ್ಟೇ ಒತ್ತಿದ. ಚಾಪೆಯ ಮೇಲಿದ್ದ ರುಚಿತಾಳ ಕೆನ್ನೆಯಲ್ಲಿ ಉಗುರಿನ ಗುರುತು ಬಿತ್ತು. ಅವಳು ಗಂಟಲಲ್ಲೇ ನರಳಿದಳು.

“ಆವತ್ತು ಒಡದಿದ್ರ ಮೇಣ ಒಡೀತಿತ್ತು. ಇವತ್ತು ಒಡದ್ರ ಕೂಸಿನ ದವಡೀ ಒಡೀತದ,” ಎಂದ ವೈಜನಾಥ. “ಕರಣಿಗೆ ಒಂದು ಬಾಯಿ ಬೇಕಿತ್ರಿ. ಬೀಗದ ಬಾಯಿ ನಾ ಬಿಡಿಸಿದೆ. ನೀವು ಕೂಸಿನ ಬಾಯಿ ಕೊಟ್ರಿ. ಆ ಮುದುಕಿ ಹತ್ರ ಇರೂ ಕೀಲಿಕೈ ಈಗ ನಿಮ್ಮ ಬಾಗಲಕ್ಕ ಹತ್ತೂದಿಲ್ಲ. ಈ ಮೇಣಾ ಹೊಕ್ಕ ಬಾಯಿಗೆ ಹತ್ತತೈತಿ. ಅಲ್ಲಿ ಕೂತು ತಿರುವ್ಯಾಳ.”

“ಏನ್ ಮಾಡ್ಲೋ ಮಾರಾಯಾ? ಏನ್ ಹೇಳಿದ್ರೂ ಮಾಡತೀನಿ.”

ವೈಜನಾಥ ಹರಿದ ಲಕೋಟೆಯನ್ನು ಎತ್ತಿ ತೋರಿಸಿದ. “ಇದರ ಮ್ಯಾಲೆ ಎರಡು ಗುರ್ತು ಅವ. ಕೂಸಿನ ಉಗುಳು, ನಿಮ್ಮ ಸಹಿ. ಒಬ್ಬರು ಬಿಡಬೇಕಂದ್ರ ಇನ್ನೊಬ್ಬರು ಹಿಡೀಬೇಕು. ಬಾಯಿಗೆ ಹೋಗಿದ್ದು ಬಾಯಿಂದನ ತಗೋಬೇಕು. ಈ ಮೇಣಾ ನೀವು ಅಗದು ನುಂಗಬೇಕ್ರಿ. ಒಂದು ಚೂರೂ ಉಗಳಬಾರದು.”

ಪ್ರಭಾಕರನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ತಿಜೋರಿಯ ಒಬ್ಬ ಜವಾಬ್ದಾರನನ್ನು ಬಿಡುಗಡೆ ಮಾಡಬೇಕಾದರೆ ಇನ್ನೊಬ್ಬ ಚಾರ್ಜ್ ತೆಗೆದುಕೊಳ್ಳಲೇಬೇಕು. ಮಗಳ ಮೂಗಿನ ಸೀಟಿ ಸಣ್ಣಗಾಗುತ್ತಿತ್ತು. ಅವನು ಗಡ್ಡೆಯನ್ನು ಕೈಗೆತ್ತಿಕೊಂಡ. ಅದು ಬೆಚ್ಚಗಿತ್ತು.

ಕಚ್ಚಿದ. ಮೇಣ ಮೆತ್ತಗೆ ಸೀಳಿತು. ನಾತ ನೆತ್ತಿಗೇರಿತು. ಕೊಬ್ಬು ಕರಗಿ ಒಸಡಿಗೆ ಅಂಟಿತು. ಕೂದಲು ಹಲ್ಲಿಗೆ ಸುತ್ತಿಕೊಂಡಿತು. ಅಗಿದ. ಏನೋ ಕಟಕಟ ಎಂದಿತು. ಹಲ್ಲು. ಅವನದಲ್ಲದ ಹಲ್ಲು. ವಾಕರಿಕೆ ಒತ್ತಿ ಬಂತು. ಬಂದದ್ದನ್ನೂ ಸೇರಿಸಿ ನುಂಗಿದ. ಕಣ್ಣಲ್ಲಿ ನೀರು. ಮೂಗಲ್ಲಿ ನೀರು. ಕೂದಲು ಗಂಟಲಲ್ಲಿ ಇಳಿಯಲೊಲ್ಲದು. ಅರ್ಧ ಒಳಗೆ, ಅರ್ಧ ನಾಲಗೆಯ ಮೇಲೆ. ಬೆರಳು ಹಾಕಿ ತಳ್ಳಿದ. ಅದು ತಾನಾಗಿ ಇಳಿಯಿತು. ಒಳಗಿನಿಂದ ಯಾರೋ ಎಳೆದುಕೊಂಡಂತೆ ಸರಸರ ಇಳಿಯಿತು.

ಖಟ್.

ರುಚಿತಾಳ ಬಾಯಿ ತೆರೆಯಿತು. ಮೊದಲು ಉಸಿರು, ಆಮೇಲೆ ಅಳು. ನೀರಜಾ ಅವಳನ್ನು ಅವಚಿಕೊಂಡು ಬಾಯಿಯ ಬಳಿ ಮೂಗಿಟ್ಟಳು. ಹಾಲಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಪ್ರಭಾಕರ ಗೋಡೆಗೊರಗಿ ಕೂತು ಮಗಳ ಅಳುವನ್ನು ಕೇಳುತ್ತಿದ್ದ. ಅಷ್ಟು ಹಿತವಾದ ಸದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ವೈಜನಾಥ ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನಿಂತ. “ಮೇಣ ಹೋತು. ಆ ಮುದುಕಿ ಹತ್ರ ಕೀಲಿಕೈ ಇನ್ನೂ ಐತಿ ಸಾಹೇಬ್ರ. ಅದನ್ನ ಮರೀಬ್ಯಾಡ್ರಿ.”

ಒಂದು ತಿಂಗಳು ಏನೂ ಆಗಲಿಲ್ಲ. ಪ್ರಭಾಕರ ಶಾಖೆಗೆ ಹೋದ, ಬಂದ. ಬೆಳಿಗ್ಗೆ ತಿಜೋರಿ ತೆರೆಯುವಾಗ ಜೊತೆಯ ಅಧಿಕಾರಿ ಅತುಲ್ ಕರ್ಚೀಫಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ, ಅಷ್ಟೇ. ಪ್ರಭಾಕರ ಏಲಕ್ಕಿ ಅಗಿದ, ಲವಂಗ ಅಗಿದ, ಮಾತು ಕಡಿಮೆ ಮಾಡಿದ. ಮಗಳಿಗೆ ಮುತ್ತು ಕೊಡುವುದನ್ನು ಬಿಟ್ಟ. ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಳಲ್ಲ, ಅವನಿಗೆ ಅದೇ ಸಾಕಾಗಿತ್ತು.

ಅಂದು ಸಂಜೆ ಆರರ ಹೊತ್ತಿಗೆ ಅವನು ವಾಡೆಯ ಮೆಟ್ಟಿಲು ಹತ್ತುತ್ತಿದ್ದ. ರಾಮಕುಂಡದ ಕಡೆಯಿಂದ ಆರತಿಯ ಗಂಟೆ ಕೇಳುತ್ತಿತ್ತು. ಏಳನೆಯ ಮೆಟ್ಟಿಲಲ್ಲಿ ಕಿವಿಯ ಕೆಳಗೆ, ದವಡೆಯ ಸಂದಿನಲ್ಲಿ, ತಣ್ಣನೆಯ ಲೋಹವೊಂದು ಒಳಗೆ ನುಗ್ಗಿದಂತಾಯಿತು. ನಿಂತ. ಅದು ಮೆಲ್ಲಗೆ ತಿರುಗಿತು. ಹಲ್ಲು ಕಚ್ಚಿ ಹಿಡಿದ. ಎರಡೂ ಕೈಯಿಂದ ಗದ್ದ ಒತ್ತಿ ಹಿಡಿದ. ಇಳಿದು ಓಡಬೇಕು. ಕಾಲು ಕೇಳಲಿಲ್ಲ. ಕಾಲು ಮೇಲೆಯೇ ಹತ್ತಿತು.

ಬಾಗಿಲ ಆಚೆ ಹೊಸ ಕೀಲಿಕೈ ತಿರುಗಿದ ಸದ್ದಾಯಿತು. ರುಚಿತಾ ಬಾಗಿಲು ಅಗಲ ತೆರೆದಳು. ಮುಂದಿನ ಎರಡು ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದಳು.

“ಅಪ್ಪಾ! ಯಾಕ ಅಲ್ಲೇ ನಿಂತಿ? ಒಳಗ ಬಾ.”

ಬೇಡ, ಬಾಗಿಲು ಹಾಕು ಎನ್ನಬೇಕಿತ್ತು. ಖಟ್ ಎಂದಿತು. ಬಾಯಿ ತೆರೆಯಿತು. ಅವನು ತೆರೆದದ್ದಲ್ಲ. ತುಟಿಯ ಮೇಲೆ ಒಂದು ನರೆಗೂದಲು ಹೊರಗೆ ಇಣುಕಿತು.

“ಆಲೇ ಗ ಬಾಳಾ, ಆಲೇ,” ಎಂದಿತು ಅವನ ಬಾಯೊಳಗಿಂದ ಮುದುಕಿಯ ಮರಾಠಿ ದನಿ. ಬಂದೆ ಮಗೂ, ಬಂದೆ.

ಅವನ ಬಲಗಾಲು ಹೊಸ್ತಿಲು ದಾಟಿ ಒಳಗೆ ಊರಿತು.